ಅಜ್ಜಿಯ ಮಾತ್ರೆ ಡಬ್ಬಿ

ಯುಗಾದಿಗೆ ಊರಿಗೆ ಹೋಗಿದ್ದಾಗ ಅಜ್ಜಿಯ ಮಾತ್ರೆ ಡಬ್ಬಿ ಕೈಗೆ ಸಿಕ್ತು. ಹಿಂದಿನ ತಿಂಗಳು ತಂದಿದ್ದ ಬಿಪಿ ಮಾತ್ರೆ ಅರ್ಧದಷ್ಟು ಹಾಗೇ ಉಳಿದಿತ್ತು.

"ಇದೇನಜ್ಜಿ?"

"ದಿನಾ ನುಂಗಿದ್ರೆ ಬೇಗ ಖಾಲಿಯಾಗುತ್ತಲ್ಲೋ. ದಿನ ಬಿಟ್ಟು ದಿನ ತಗೊಳ್ತೀನಿ," ಅಂದಳು, ಹಾಲಿನ ಲೆಕ್ಕ ಹೇಳಿದಷ್ಟೇ ಸಲೀಸಾಗಿ.

ಅಜ್ಜಿಗೆ ಬರೋದು ಸಂಧ್ಯಾ ಸುರಕ್ಷಾ ಪಿಂಚಣಿ, ತಿಂಗಳಿಗೆ 1,200 ರೂಪಾಯಿ. ಬಿಪಿ, ಶುಗರ್, ಕೊಲೆಸ್ಟ್ರಾಲ್ ಮೂರಕ್ಕೂ ಸೇರಿ ಮೆಡಿಕಲ್ ಶಾಪಿನ ಬಿಲ್ಲು 900 ದಾಟುತ್ತಿತ್ತು. ನಾನು ದುಡ್ಡು ಹಾಕಿದರೆ ಅದು ಅಕೌಂಟಿನಲ್ಲೇ ಇರುತ್ತೆ. "ನಿಂಗೂ ಸಾಲ ಇದೆ" ಅಂತಾಳೆ.

ಬಿಪಿಎಲ್ ಕಾರ್ಡ್ ಇದೆ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಸಿಗುತ್ತೆ, ಇನ್ನೇನು ಯೋಚನೆ ಅಂದುಕೊಂಡಿದ್ದೆ. ಆದರೆ ಅದು ಆಸ್ಪತ್ರೆ ಚಿಕಿತ್ಸೆಗೆ. ಸ್ಟ್ರೋಕ್ ಆಗಿ ಅಡ್ಮಿಟ್ ಆದರೆ ಸರ್ಕಾರ ಖರ್ಚು ನೋಡಿಕೊಳ್ಳುತ್ತೆ. ಸ್ಟ್ರೋಕ್ ಬರದ ಹಾಗೆ ತಡೆಯೋ ಮಾತ್ರೆಗೆ ಅಜ್ಜಿ ಪಿಂಚಣಿ ಸುರೀತಿದ್ದಳು. ಇದಕ್ಕಿಂತ ತಲೆಕೆಳಗಾದ ಲೆಕ್ಕ ಬೇಕಾ?

ದಾರಿ ತೋರಿಸಿದ್ದು ಊರಿನ ಆಶಾ ಕಾರ್ಯಕರ್ತೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಮಾತ್ರೆ ಉಚಿತ. 2024ರಲ್ಲಿ ಕೋಲಾರದಲ್ಲಿ ಶುರುವಾದ 'ಗೃಹ ಆರೋಗ್ಯ'ದಲ್ಲಂತೂ ಮನೆಗೇ ಬಂದು ಬಿಪಿ, ಶುಗರ್ ನೋಡಿ ಮಾತ್ರೆ ಕೊಡ್ತಾರೆ. ನಾವು ಕೇಳಿರಲೇ ಇಲ್ಲ.

ಉಳಿದದ್ದು ಕೊಲೆಸ್ಟ್ರಾಲ್ ಮಾತ್ರೆ. ಸ್ಟ್ರಿಪ್ಪಿನಲ್ಲಿ ದೊಡ್ಡದಾಗಿರೋದು ಕಂಪನಿ ಇಟ್ಟ ಹೆಸರು, ಚಿಕ್ಕ ಅಕ್ಷರದಲ್ಲಿ ಅಟೊರ್ವಾಸ್ಟಾಟಿನ್. ಜನೌಷಧಿ ಸುಗಮ್ ಆ್ಯಪ್‌ನಲ್ಲಿ ಈ ಚಿಕ್ಕ ಹೆಸರು ಹುಡುಕಿದರೆ ಬೆಲೆ, ಹತ್ತಿರದ ಜನೌಷಧಿ ಕೇಂದ್ರ ಎರಡೂ ಬರುತ್ತೆ. ಬ್ರ್ಯಾಂಡ್ ಮಾತ್ರೆಗಿಂತ ಸಾಮಾನ್ಯವಾಗಿ ಶೇ 50ರಿಂದ 80ರಷ್ಟು ಕಡಿಮೆ. ಎಂಜಿ ಎಷ್ಟು ಅನ್ನೋದನ್ನ ಡಾಕ್ಟರಿಗೆ ತೋರಿಸಿಯೇ ತಂದೆ.

ಕಷ್ಟವಾಗಿದ್ದು ಅಜ್ಜಿಯನ್ನ ಒಪ್ಪಿಸೋದು. "ಬಿಪೀದು ಗುಲಾಬಿ ಬಣ್ಣ ಇತ್ತು, ಇದು ಬೆಳ್ಳಗಿದೆ. ಪುಕ್ಕಟೆ ಮಾತ್ರೆ ಕೆಲಸ ಮಾಡುತ್ತಾ?" ಓದೋಕೆ ಬರದವಳಿಗೆ ಬಣ್ಣವೇ ಹೆಸರು ಅನ್ನೋದು ನನಗೆ ಹೊಳೆದೇ ಇರಲಿಲ್ಲ. ಬೆಳಗಿನದಕ್ಕೆ ಸೂರ್ಯ, ರಾತ್ರಿದಕ್ಕೆ ಚಂದ್ರ ಬರೆದು ಪೊಟ್ಟಣ ಮಾಡಿಕೊಟ್ಟೆ. ಎರಡು ತಿಂಗಳು ಸತತವಾಗಿ ಆಶಾ ಅಕ್ಕ ಬಿಪಿ ನೋಡಿ "ಸರಿಯಾಗಿದೆ ಅಜ್ಜಿ" ಅಂದಮೇಲೆ ದಿನಾ ನುಂಗೋಕೆ ಶುರು ಮಾಡಿದಳು.

ಮೊನ್ನೆ ಫೋನ್ ಮಾಡಿದ್ದಳು. ಪಕ್ಕದ ಮನೆಯವಳೂ ದಿನ ಬಿಟ್ಟು ದಿನದವಳೇ ಅಂತೆ. "ಅವಳ ಚೀಟಿ ಫೋಟೋ ತೆಗೆಸಿ ಕಳಿಸ್ತೀನಿ, ಆ ಚಿಕ್ಕಕ್ಷರ ಓದಿ ಹೇಳೋ."