ತೀರ್ಥಹಳ್ಳಿಯಲ್ಲಿ ಒಂದೂವರೆ ದಿನ

ಕಳೆದ ಕಾರ್ತಿಕ ಮಾಸದಲ್ಲಿ ಉಡುಪಿಯಲ್ಲಿ ನಡೆಯಲಿದ್ದ ನಮ್ಮ ತಂಗಿಯ ಮಗಳ ವಿವಾಹಕ್ಕೆಂದು ನಾವು ಶಿವಮೊಗ್ಗೆಯಿಂದ ಹೊರಟೆವು. ಸೋದರಮಾವನಾದವನು ಧಾರೆಯ ಹೊತ್ತಿಗೆ ಬಂದು ಸೇರದಿದ್ದರೆ ಮನೆಮಂದಿಯ ಮುಖ ಹೇಗಾಗುವುದೆಂಬುದನ್ನು ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ. ಮುಹೂರ್ತವು ಗುರುವಾರ ಬೆಳಗ್ಗೆ. ನಾವು ಮಂಗಳವಾರ ಪ್ರಾತಃಕಾಲದಲ್ಲಿಯೇ ಗಾಡಿಯನ್ನು ಹೊರಡಿಸಿದೆವು. ಜೊತೆಯಲ್ಲಿ ನಮ್ಮ ಮನೆಯವರೂ ಒಂಬತ್ತು ವರ್ಷದ ಮೊಮ್ಮಗನೂ ಇದ್ದರು. ಹಿಂದಿನ ಪೆಟ್ಟಿಗೆಯಲ್ಲಿ ಉಡುಗೊರೆಯ ಪಾತ್ರೆಗಳು, ಸೀರೆಗಳು, ಎರಡು ಡಬ್ಬಿ ಚಕ್ಕುಲಿ. ಒಟ್ಟಿನಲ್ಲಿ ಗಾಡಿಗೆ ಭಾರವು ಕಡಮೆಯಾಗಿರಲಿಲ್ಲ.

ಗಾಡಿಯು 1974ನೆಯ ಇಸವಿಯ ಅಂಬಾಸಿಡರ್. ನಮ್ಮ ತಂದೆಯವರು ವೈದ್ಯರೊಬ್ಬರಿಂದ ಕೊಂಡುದು. ಅವರ ಕಾಲಾನಂತರ ಅವರ ಊರುಗೋಲು, ಅಮರಕೋಶಗಳೊಡನೆ ನಮ್ಮ ಪಾಲಿಗೆ ಬಂದಿತು. ಈ ಜಾತಿಯ ಗಾಡಿಗಳನ್ನು ಹಿಂದೂಸ್ಥಾನ್ ಮೋಟಾರ್ಸ್ ಸಂಸ್ಥೆಯವರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಮೂರನೆಯ ಮಾದರಿಯನ್ನು ಅನುಸರಿಸಿ, ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಿಂದ ತಯಾರಿಸುತ್ತ ಬಂದು 2014ರಲ್ಲಿ ನಿಲ್ಲಿಸಿದರು. ಆಕ್ಸ್‌ಫರ್ಡ್ ಎಂದರೆ ಎತ್ತುಗಳು ಹೊಳೆ ದಾಟುವ ಕಡವು ಎಂದರ್ಥ. ಸಂಸ್ಕೃತದಲ್ಲಿ ‘ತೀರ್ಥ’ವೆಂಬ ಶಬ್ದಕ್ಕೂ ಮೊದಲ ಅರ್ಥವು ದಾಟುವ ಸ್ಥಳವೆಂದೇ, ಪಾವನವೆಂಬ ಅರ್ಥವು ಆಮೇಲೆ ಬಂದುದು. ಇಂತಹ ಹೆಸರಿನ ವಂಶದ ಗಾಡಿಯು ತೀರ್ಥಹಳ್ಳಿಯಲ್ಲಿಯೇ ದಾಟಲಾರದೆ ನಿಂತುದನ್ನು ನೆನೆದರೆ ಈಗ ನಗೆ ಬರುತ್ತದೆ. ಆ ದಿನ ಬರಲಿಲ್ಲ.

ಗಾಜನೂರಿನ ಅಣೆಕಟ್ಟನ್ನೂ ಸಕ್ರೆಬೈಲಿನ ಆನೆಗಳ ಬಿಡಾರವನ್ನೂ ಹಿಂದಿಕ್ಕಿ ಮಂಡಗದ್ದೆಯ ಸಮೀಪಕ್ಕೆ ಬಂದಾಗ ಮನೆಯವರು, “ಏನೋ ವಾಸನೆ, ಬೆಳ್ಳುಳ್ಳಿ ಕೊಳೆತಂತೆ,” ಎಂದರು. ಹೊಳೆಯ ನಡುಗಡ್ಡೆಯ ಮರಗಳಲ್ಲಿ ಹಕ್ಕಿಗಳು ಗೂಡು ಕಟ್ಟುವ ಸ್ಥಳವದು. ಹಕ್ಕಿಗಳ ವಾಸನೆಯಿರಬಹುದೆಂದು ನಾವು ಅಪ್ಪಣೆ ಕೊಡಿಸಿದೆವು. ಹತ್ತು ಕಿಲೋಮೀಟರು ಹೋದ ಮೇಲೆ ಅವರು ಮತ್ತೆ ಹೇಳಿದರು. ಇಲ್ಲಿ ಹಕ್ಕಿಗಳಿಲ್ಲವಲ್ಲ ಎಂದು ಮೊಮ್ಮಗನೂ ದನಿಗೂಡಿಸಿದನು. ಮೂವತ್ತು ವರ್ಷ ತರಗತಿಯಲ್ಲಿ ನಿಂತವರಿಗೆ ಹಿಂದಿನ ಬೆಂಚಿನಿಂದ ಬಂದ ಮಾತನ್ನು ಲೆಕ್ಕಿಸದಿರುವುದು ಅಭ್ಯಾಸವಾಗಿ ಹೋಗಿರುತ್ತದೆ. ನಾವು ನಿಲ್ಲಿಸಲಿಲ್ಲ.

ತೀರ್ಥಹಳ್ಳಿಯನ್ನು ಹೊಕ್ಕು, ಕಾಫಿಗೆಂದು ಒಂದು ಇಳಿಜಾರಿನಲ್ಲಿ ಗಾಡಿಯನ್ನು ನಿಲ್ಲಿಸಿ ಕೈಬ್ರೇಕನ್ನು ಎಳೆದು ಇಳಿದೆವು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಗಾಡಿಯು ತಾನಾಗಿ, ಸದ್ದಿಲ್ಲದೆ, ಹಸುವಿನಂತೆ ನಮ್ಮ ಹಿಂದೆಯೇ ಹೊರಟಿತು! ದಾರಿಹೋಕರೊಬ್ಬರು ಚಕ್ರದ ಮುಂದೆ ಕಲ್ಲನ್ನಿಟ್ಟರು. ಮೊಮ್ಮಗನು ಒಳಗೇ ಕುಳಿತಿದ್ದನೆಂಬುದು ನಮಗೆ ಆಮೇಲೆ ನೆನಪಾಯಿತು.

ಅದೇ ಬೀದಿಯ ತುದಿಯಲ್ಲಿ ವೃದ್ಧ ಸಾಹೇಬರೊಬ್ಬರ ಕಾರ್ಖಾನೆಯಿತ್ತು. ಎಪ್ಪತ್ತು ದಾಟಿದವರು. ಅವರು ಬಗ್ಗಿ ಎಡಗಡೆಯ ಹಿಂದಿನ ಚಕ್ರದ ಒಳಮೈಯನ್ನು ಬೆರಳಿನಿಂದ ಮುಟ್ಟಿ, ಮೂಸಿ ನೋಡಿ, “ಘಟ್ಟ ಇಳಿಯುವಿರೇನು?” ಎಂದು ಕೇಳಿದರು. ಹೌದೆಂದೆವು. “ಇದರಲ್ಲಿಯೇ?” ಎಂದು ಮತ್ತೆ ಕೇಳಿದರು. ನಾವು ಗಾಡಿಯ ಬಿರಿಯನ್ನು ಸ್ವಲ್ಪ ಬಿಗಿ ಮಾಡಿಕೊಟ್ಟರೆ ಸಾಕು, ಮೆಲ್ಲನೆ ಹೋಗುತ್ತೇವೆ ಎಂದೆವು. ಅವರು ಹುಡುಗನನ್ನು ಕರೆದು ಚಕ್ರ ಬಿಚ್ಚಿಸಿದರೇ ಹೊರತು ಉತ್ತರ ಕೊಡಲಿಲ್ಲ.

ಡ್ರಮ್ಮನ್ನು ಹಿಡಿದಿರುವ ತಿರುಪುಗಳನ್ನು ತೆಗೆದು, ಮರದ ಕೊಡತಿಯಿಂದ ಸುತ್ತಲೂ ತಟ್ಟಿ ಈಚೆಗೆಳೆದಾಗ ಒಳಗಿನ ದೃಶ್ಯವು ಕಣ್ಣಿಗೆ ಬಿತ್ತು. ಅಡಿಕೆ ಬೇಯಿಸಿದ ಹಂಡೆಯ ತಳದಲ್ಲಿ ಚೊಗರು ಕಟ್ಟಿಕೊಂಡಿರುವುದಿಲ್ಲವೆ? ಹಾಗೆ ಕಪ್ಪುಗೆಂಪು ಜಿಡ್ಡು. ಅರ್ಧಚಂದ್ರಾಕಾರದ ಎರಡು ಶೂಗಳೂ ಅವುಗಳ ಮೈಗೆ ಹೊಂದಿಸಿದ ಲೈನಿಂಗುಗಳೂ ಎಣ್ಣೆಯಲ್ಲಿ ಮಿಂದಿದ್ದವು. ಹುಡುಗನು ಒಳಗಿನ ಧೂಳನ್ನು ಗಾಳಿಕೊಳವೆಯಿಂದ ಊದಲು ಹೋದನು. ಸಾಹೇಬರು ಗದರಿಸಿ, ಒದ್ದೆಬಟ್ಟೆಯಿಂದ ಒರೆಸಲು ಹೇಳಿದರು. ಹಿಂದಿನ ಕಾಲದ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿದ್ದಿತು. ಅದರ ಪುಡಿ ಎದೆಗೂಡಿಗೆ ಇಳಿದರೆ ಹೊರಬರುವುದಿಲ್ಲ. ತಮ್ಮ ಗುರುಗಳು ಕೆಮ್ಮಿ ಕೆಮ್ಮಿಯೇ ಹೋದರೆಂದು ಅವರು ಹೇಳಿದರು.

ಬಳಿಕ ನಮಗೆ ಪಾಠವಾಯಿತು. ಹಿಂದಿನ ಇರುಸಿನ ನಡುವೆ ಒಂದು ದುಂಡನೆಯ ಪೆಟ್ಟಿಗೆ. ಅದರಲ್ಲಿ ಹಲ್ಲುಚಕ್ರಗಳು ಎಣ್ಣೆಯಲ್ಲಿ ಮುಳುಗಿ ತಿರುಗುತ್ತವೆ. ಅಲ್ಲಿಂದ ಎಡಕ್ಕೊಂದು, ಬಲಕ್ಕೊಂದು ಉಕ್ಕಿನ ದಂಡವು ಕೊಳವೆಯೊಳಗೆ ಹಾದು ಚಕ್ರವನ್ನು ತಿರುಗಿಸುವುದು. ಎಣ್ಣೆಯು ಕೊಳವೆಯ ತುದಿ ದಾಟದಂತೆ ಅಲ್ಲೊಂದು ರಬ್ಬರಿನ ಸೀಲು ಕಾವಲಿರುತ್ತದೆ. ನಮ್ಮ ಗಾಡಿಯ ಕಾವಲುಗಾರನು ಸೋತು, ಎಣ್ಣೆಯು ಬಿರಿಯೊಳಕ್ಕೆ ಹರಿದಿದ್ದಿತು. ಹಿಂದಿನ ಬಿರಿ ಹಿಡಿಯದಿದ್ದರೆ ಇಳಿಜಾರಿನ ಭಾರವೆಲ್ಲ ಮುಂದಿನ ಎರಡಕ್ಕೆ ಬೀಳುತ್ತದೆ, ಅವು ಕಾಯುತ್ತವೆ, ಕಾದರೆ ಕೊಳವೆಯಲ್ಲಿರುವ ಬ್ರೇಕಿನ ದ್ರವವು ಕುದಿಯುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಆಗ ಕಾಲು ಒತ್ತಿದರೆ ಪೆಡಲು ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಕೈಬ್ರೇಕೋ, ಅದು ಹಿಂದಿನ ಚಕ್ರಗಳಿಗೇ ಸೇರಿದ್ದು. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಲ್ಲಿ ಹದಿನಾಲ್ಕು ಕಡಿದಾದ ತಿರುವುಗಳು. “ನಾಲ್ಕನೆಯ ತಿರುವಿನವರೆಗೆ ಮೆಲ್ಲನೆ ಹೋಗುತ್ತಿದ್ದಿರಿ, ಸ್ವಾಮಿ,” ಎಂದರು ಸಾಹೇಬರು.

ಸೀಲನ್ನು ಎರಡು ವರ್ಷದಲ್ಲಿ ಎರಡು ಸಲ ಬದಲಾಯಿಸಿದ್ದೆವೆಂದು ನಾವು ವಾದಿಸಿದೆವು. ಅದು ಸತ್ಯವೇ, ಪಟ್ಟಣದ ಒಂದು ಕಾರ್ಖಾನೆಗೆ ಎರಡು ಸಲವೂ ಹಣ ತೆತ್ತಿದ್ದೆವು. ಸಾಹೇಬರು ಗಾಡಿಯ ಕೆಳಗೆ ನುಸುಳಿ, ಇರುಸಿನ ಮೇಲ್ಭಾಗವನ್ನು ತಡವಿ, ಗುಬ್ಬಿಯ ತಲೆಯಷ್ಟು ದೊಡ್ಡದಾದ ಒಂದು ಮುಚ್ಚಳವನ್ನು ತಿರುಪಿ ತಂದು ನಮ್ಮ ಅಂಗೈಯಲ್ಲಿಟ್ಟರು. ಅದು ಇರುಸಿನ ಉಸಿರುಗಂಡಿ. ಓಡುವಾಗ ಒಳಗಿನ ಎಣ್ಣೆಯೂ ಗಾಳಿಯೂ ಬಿಸಿಯಾಗಿ ಉಬ್ಬುತ್ತವೆ. ಉಬ್ಬಿದ ಗಾಳಿಯು ಇದರ ಮೂಲಕ ಹೊರಹೋಗಬೇಕು. ಎಷ್ಟೋ ಮಳೆಗಾಲಗಳ ಕೆಸರು ಕುಳಿತು ಅದು ಇಟ್ಟಿಗೆಯಂತೆ ಗಟ್ಟಿಯಾಗಿದ್ದಿತು. ಉಸಿರಿಗೆ ದಾರಿಯಿಲ್ಲದೆ ಒತ್ತಡವು ಎಣ್ಣೆಯನ್ನು ಸೀಲಿನ ಮೂಲಕ ತಳ್ಳುತ್ತಿತ್ತು. ಹೊಸ ಸೀಲುಗಳನ್ನು ಹಾಕಿದವರು ಸೀಲನ್ನು ನೋಡಿದರೇ ವಿನಾ ಇದನ್ನು ನೋಡಲಿಲ್ಲ. ಹುಡುಗರ ತಪ್ಪುಗಳನ್ನು ಕೆಂಪುಮಸಿಯಲ್ಲಿ ತಿದ್ದುತ್ತ, ಆ ತಪ್ಪು ಎಲ್ಲಿಂದ ಬಂದಿತೆಂದು ಕೇಳದೆ ನಾವು ಕಳೆದ ವರ್ಷಗಳು ಆ ಕ್ಷಣದಲ್ಲಿ ನೆನಪಾದವು.

ದಂಡವನ್ನು ಕೊಳವೆಯಿಂದ ಎಳೆದಾಗ ಒರೆಯಿಂದ ಕತ್ತಿಯನ್ನು ಹಿರಿದಂತಾಯಿತು. ಸಾಹೇಬರು ಅದನ್ನು ಬೆಳಕಿಗೆ ಹಿಡಿದು, ತುದಿಯ ಹಲ್ಲುಸಾಲುಗಳು ನೆಟ್ಟಗಿವೆಯೋ ತಿರುಚಿವೆಯೋ ಎಂದು ಒಂದು ಕಣ್ಣು ಮುಚ್ಚಿ ನೋಡಿದರು. ನೆಟ್ಟಗಿದ್ದವು. ಆದರೆ ಚಕ್ರದ ಬೇರಿಂಗು ಸವೆದು ಕುಲುಕುತ್ತಿತ್ತು. ಬೇರಿಂಗು, ಸೀಲು, ಲೈನಿಂಗುಗಳು, ಬಿರಿಯ ಸಿಲಿಂಡರಿನ ರಬ್ಬರುಗಳು ಎಲ್ಲವೂ ಶಿವಮೊಗ್ಗೆಯಿಂದ ಮರುದಿನ ಬೆಳಗಿನ ಬಸ್ಸಿಗೆ ಬರಬೇಕು. ಎಣ್ಣೆ ಕುಡಿದ ಲೈನಿಂಗನ್ನು ತೊಳೆದು ಸುಟ್ಟು ಮತ್ತೆ ಹಾಕುವವರುಂಟಂತೆ. ಅದು ನಿಷ್ಪ್ರಯೋಜನವೆಂದೂ, ಎಡಗಡೆಗೆ ಮಾತ್ರ ಹೊಸದು ಹಾಕಿದರೆ ಗಾಡಿಯು ಒಂದು ಪಕ್ಕಕ್ಕೆ ಎಳೆಯುವುದರಿಂದ ಎರಡೂ ಕಡೆ ಒಟ್ಟಿಗೆ ಬದಲಾಗಬೇಕೆಂದೂ ಅವರು ಹೇಳಿದರು.

ಬಸ್ಸಿನಲ್ಲಿ ಹೋಗೋಣವೆಂದು ಮನೆಯವರೆಂದರು. ಅದೇ ಸರಿಯಾದ ಮಾತು. ಹೀಗಿದ್ದರೂ ತಂದೆಯವರ ಗಾಡಿಯಲ್ಲಿಯೇ ಮದುವೆಮನೆಯ ಮುಂದೆ ಇಳಿಯಬೇಕೆಂಬ ಹಠವು ನಮ್ಮನ್ನು ಬಿಡಲಿಲ್ಲ.

ಸಂಜೆ ತುಂಗೆಯ ತೀರಕ್ಕೆ ಹೋದೆವು. ಮಾತೃಹತ್ಯೆ ಮಾಡಿದ ಪರಶುರಾಮನ ಕೊಡಲಿಯಲ್ಲಿ ಅಂಟಿದ ರಕ್ತದ ಕಲೆಯು ಎಲ್ಲಿಯೂ ಹೋಗದೆ ಇಲ್ಲಿಯ ನೀರಿನಲ್ಲಿ ಹೋಯಿತೆಂದು ಸ್ಥಳಪುರಾಣ. ಎಳ್ಳಮಾವಾಸ್ಯೆಯ ಜಾತ್ರೆಯಲ್ಲಿ ಜನರು ಸಹಸ್ರಗಟ್ಟಲೆಯಾಗಿ ಇಲ್ಲಿ ಮೀಯುತ್ತಾರೆ. ಜಾತ್ರೆಗೆ ಇನ್ನೂ ಕಾಲವಿದ್ದುದರಿಂದ ಬಂಡೆಗಳು ನಿರ್ಜನವಾಗಿದ್ದವು. ಮಳೆಗಾಲದ ಕೆಂಪು ಹೋಗಿ ನೀರು ತಿಳಿಯಾಗಿತ್ತು. ಎಲ್ಲಿಂದಲೋ ಅಡಿಕೆ ಬೇಯುವ ಒಗರುವಾಸನೆ ಬರುತ್ತಿತ್ತು. ಮೊಮ್ಮಗನು ತನ್ನ ಕೈಯ ಜಿಡ್ಡನ್ನು ಮರಳಿನಿಂದ ಉಜ್ಜಿ ಉಜ್ಜಿ ತೊಳೆದು, ಕೊಡಲಿಯ ಕಲೆ ಹೋಯಿತು, ಇದು ಹೋಗಲಿಲ್ಲವೆಂದು ತೋರಿಸಿದನು.

ಸುಮ್ಮನೆ ಕುಳಿತರೆ ಶಬ್ದಗಳು ನೆನಪಾಗುವುದು ನಮ್ಮ ಹಳೆಯ ರೋಗ. ಸಂಸ್ಕೃತದ ‘ಅಕ್ಷ’, ಅದರ ತದ್ಭವವಾದ ನಮ್ಮ ‘ಅಚ್ಚು’, ಇಂಗ್ಲಿಷಿನ ‘ಆಕ್ಸಲ್’, ಇವೆಲ್ಲ ಒಂದೇ ಕುಲದವು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಅಗ್ನಿವೇಶನು ಆಯುಸ್ಸಿನ ವಿಷಯವನ್ನು ಕೇಳಿದಾಗ ಆತ್ರೇಯನು ಬಂಡಿಯ ಇರುಸನ್ನೇ ದೃಷ್ಟಾಂತವಾಗಿ ಕೊಡುತ್ತಾನೆ. ಒಳ್ಳೆಯ ಇರುಸು ತನ್ನ ಕಾಲಕ್ಕೆ ಸವೆದು ಮುಗಿಯುವುದು. ಅದೇ ಇರುಸು ಅತಿಭಾರದಿಂದ, ಹಳ್ಳದಿಣ್ಣೆಯ ದಾರಿಯಿಂದ, ಹೊಡೆಯುವವನ ದೋಷದಿಂದ, ಕಡಾಣಿ ಬಿದ್ದುದರಿಂದ, ಎಣ್ಣೆ ಇಲ್ಲದುದರಿಂದ ನಡುವೆಯೇ ಮುರಿಯುವುದು. ನಮ್ಮದರಲ್ಲಿ ಎಣ್ಣೆಯಿತ್ತು, ಇರಬಾರದ ಕಡೆಗೆ ಹೋಗಿತ್ತು. ಎಣ್ಣೆಗೂ ಪ್ರೀತಿಗೂ ಸಂಸ್ಕೃತದಲ್ಲಿ ‘ಸ್ನೇಹ’ವೆಂಬ ಒಂದೇ ಹೆಸರೆಂದು ನಾವು ವ್ಯಾಖ್ಯಾನಕ್ಕೆ ತೊಡಗಿದೆವು.

ಮನೆಯವರು ಕೇಳುವಷ್ಟು ಕೇಳಿ, “ಕೈಕೇಯಿಯ ಕಥೆಯೂ ಇರುಸಿನದೇ ಅಲ್ಲವೆ?” ಎಂದರು. ರಥದ ಕಡಾಣಿ ಬಿದ್ದಾಗ ತನ್ನ ಬೆರಳನ್ನಿಟ್ಟು ದಶರಥನನ್ನು ಉಳಿಸಿದಳೆಂಬುದು ವಾಲ್ಮೀಕಿಯಲ್ಲಿಲ್ಲ, ಹರಿಕಥೆಗಳಲ್ಲಿ ಕೇಳುವುದು ಎಂದೆವು. “ಎಲ್ಲಿಯಾದರೂ ಇರಲಿ. ಅವಳು ಬೆರಳಿಟ್ಟಳು, ಎರಡು ವರ ಸಿಕ್ಕಿತು. ನಾನು ಮಂಡಗದ್ದೆಯಿಂದ ಮೂಗಿಟ್ಟುಕೊಂಡು ಬಂದೆ,” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಗಾಡಿಯು ಇಳಿಜಾರಿನಲ್ಲಿ ಹೊರಟಾಗ ಕಿಟಕಿಯಲ್ಲಿದ್ದ ಹುಡುಗನ ಮುಖವು ಆ ರಾತ್ರಿ ವಸತಿಗೃಹದ ಕತ್ತಲೆಯಲ್ಲಿ ಹಲವು ಸಲ ನಮ್ಮ ಕಣ್ಣೆದುರು ಬಂದಿತು.

ಬುಧವಾರ ಬೆಳಗಿನ ಬಸ್ಸಿನಲ್ಲಿ ಸಾಮಾನು ಬಂದಿತು. ಹೊಸ ಸೀಲಿನ ತುಟಿಯು ಎಣ್ಣೆಯ ಕಡೆಗೆ ಮುಖ ಮಾಡಿರಬೇಕು. ಅದನ್ನು ಎಣ್ಣೆ ಸವರಿ, ಮರದ ತುಂಡನ್ನಿಟ್ಟು ಸುತ್ತಲೂ ಸಮನಾಗಿ ತಟ್ಟಿ ಕೂರಿಸಿದರು. ಸಿಲಿಂಡರಿನ ಭಾಗಗಳನ್ನು ಬ್ರೇಕಿನ ದ್ರವದಲ್ಲಿಯೇ ತೊಳೆದರು. ಪೆಟ್ರೋಲು ಸೋಕಿದರೆ ಆ ರಬ್ಬರು ಉಬ್ಬಿ ಕೆಡುತ್ತದೆ. ಕೊಳವೆಗಳಲ್ಲಿ ಸೇರಿದ ಗಾಳಿಯನ್ನು ಹೊರಡಿಸಲು ಒಬ್ಬರು ಪೆಡಲನ್ನು ಒತ್ತಬೇಕು, ಮತ್ತೊಬ್ಬರು ಚಕ್ರದ ಬಳಿ ತಿರುಪನ್ನು ಸಡಿಲಿಸಬೇಕು. ಅತ್ಯಂತ ದೂರವಾದ ಎಡಗಡೆಯ ಹಿಂದಿನ ಚಕ್ರದಿಂದ ಆರಂಭ. ಹುಡುಗನು ಊಟಕ್ಕೆ ಹೋಗಿದ್ದನು. ಮದುವೆಗೆಂದು ತಂದ ಸೀರೆಯನ್ನು ಎತ್ತಿ ಕಟ್ಟಿ ನಮ್ಮ ಮನೆಯವರೇ ಪೆಡಲಿನ ಮುಂದೆ ಕುಳಿತರು. “ಒತ್ತಿರಿ, ಹಿಡಿಯಿರಿ ಅಮ್ಮ, ಬಿಡಿ” ಎಂಬ ಮಂತ್ರವು ಅರ್ಧ ಘಂಟೆ ನಡೆಯಿತು. ಮೊಮ್ಮಗನು ಗಾಜಿನ ಸೀಸೆಯಲ್ಲಿ ಬರುವ ಗುಳ್ಳೆಗಳನ್ನು ಎಣಿಸಿದನು. ನಮಗೆ ಕೆಲಸವಿರಲಿಲ್ಲ.

ಹೊರಡುವಾಗ ಸಾಹೇಬರು ಹೇಳಿದುದು ಇಷ್ಟು: ಎರಡನೆಯ ಗೇರಿನಲ್ಲಿ ಇಳಿಯಿರಿ, ಬಿರಿಯ ಮೇಲೆ ಕಾಲನ್ನು ಊರಿಕೊಂಡೇ ಇರಬೇಡಿ, ಸೋಮೇಶ್ವರದಲ್ಲಿ ನಿಲ್ಲಿಸಿ ನಾಲ್ಕು ಚಕ್ರಗಳ ಮೇಲೂ ಕೈಯಿಟ್ಟು ನೋಡಿ.

ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುವ ಆಗುಂಬೆಯಲ್ಲಿ ಆ ಸಂಜೆ ಒಂದು ಹನಿಯೂ ಇರಲಿಲ್ಲ. ಸೂರ್ಯಾಸ್ತವನ್ನು ನೋಡಲು ಜನರು ನೆರೆದಿದ್ದರು, ನಾವು ನಿಲ್ಲಲಿಲ್ಲ. ಇಂಜಿನ್ನು ಗೊಣಗುತ್ತ ಗಾಡಿಯನ್ನು ಹಿಡಿದಿತ್ತು. ಮೊಮ್ಮಗನು ತಿರುವುಗಳನ್ನು ಗಟ್ಟಿಯಾಗಿ ಎಣಿಸುತ್ತಿದ್ದನು. ನಾಲ್ಕೆಂದಾಗ ನಾವು ಕೆಳಗಿನ ಕಂದರದ ಕಡೆ ನೋಡಲಿಲ್ಲ.

ಸೋಮೇಶ್ವರದಲ್ಲಿ ಇಳಿದು ಚಕ್ರಗಳನ್ನು ಮುಟ್ಟಿದೆವು. ಮುಂದಿನವು ಬಿಸಿ, ಹಿಂದಿನವು ಸ್ವಲ್ಪ ಕಡಮೆ ಬಿಸಿ, ಆದರೆ ಎಡಕ್ಕೂ ಬಲಕ್ಕೂ ಭೇದವಿಲ್ಲ, ಜಿಡ್ಡಿಲ್ಲ. ಮನೆಯವರೂ ಬಗ್ಗಿ ಮೂಸಿ ನೋಡಿ ಒಪ್ಪಿದರು. ತಮ್ಮ ಎರಡು ವರಗಳಲ್ಲಿ ಒಂದನ್ನು ಅಲ್ಲಿಯೇ ಕೇಳಿದರು: ವಾಸನೆಯೆಂದರೆ ಗಾಡಿ ನಿಲ್ಲಬೇಕು. ಕೊಟ್ಟೆವು. ರಾತ್ರಿ ಒಂಬತ್ತು ಘಂಟೆಗೆ ಉಡುಪಿಯನ್ನು ಸೇರಿದೆವು. ಚಪ್ಪರದ ಕೆಳಗೆ ತಂಗಿಯು ಕಾಯುತ್ತ ನಿಂತಿದ್ದಳು. ಎರಡನೆಯ ವರವನ್ನು ಅವರು ಇಂದಿನವರೆಗೂ ಕೇಳಿಲ್ಲ.