ತಡಬೆ

ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿಗೆ ಹೋದವಳು ನಾನು, ತಿರುಗಾಟಕ್ಕಲ್ಲ. ಮೇ ತಿಂಗಳ ಮೊದಲ ಭಾನುವಾರ ಅಳಿಯ, "ಅತ್ತೆ, ಮಗುವನ್ನು ನಾನು ನೋಡಿಕೊಳ್ತೇನೆ, ನೀವಿಬ್ಬರೂ ಗಾಳಿಗೆ ಹೋಗಿಬನ್ನಿ" ಎಂದು ಹೈ ವಿಕಂಬ್‌ನಿಂದ ಕಾರಿನಲ್ಲಿ ಕರೆತಂದು ಫಿಂಗೆಸ್ಟ್ ಎಂಬ ಹಳ್ಳಿಯಲ್ಲಿ ಇಳಿಸಿದ. ಗೋಪುರದ ಮೇಲೆ ಜೋಡಿ ಮಾಡಿರುವ ಹಳೇ ಚರ್ಚು, ನಾಲ್ಕಾರು ಮನೆ. ಸೀರೆ ಮೇಲೆ ಮಗಳ ಸ್ವೆಟರು, ಕಾಲಿಗೆ ಅವಳದೇ ಬೂಟು. ನನ್ನ ವೇಷ ನೋಡಿ ಕುರಿಗಳೂ ಮೇಯುವುದು ಬಿಟ್ಟವು.

ಕಂಬದ ಮೇಲೊಂದು ಹಳದಿ ಬಾಣ. ಅದು ತೋರಿದ ಕಾಲುದಾರಿ ಗೋಧಿ ಹೊಲದ ನಟ್ಟನಡುವೆ ಹೋಗುತ್ತಿತ್ತು. ನಾನು ನಿಂತುಬಿಟ್ಟೆ.

"ಯಾರದೋ ಹೊಲ ಕಣೇ, ಬೈದಾರು."

"ಬೈಯೋ ಹಾಗಿಲ್ಲಮ್ಮ. ಹೊಲ ಅವನದು, ದಾರಿ ಎಲ್ಲರದು."

ಇಂಥ ದಾರಿಯನ್ನು ಉತ್ತರೆ 14 ದಿನದೊಳಗೆ ಮತ್ತೆ ಕನಿಷ್ಠ ಒಂದು ಮೀಟರು ಅಗಲ ಮಾಡಿಕೊಡಬೇಕೆಂದು 1990ರಿಂದ ಕಾನೂನೇ ಇದೆಯಂತೆ. ಸುಮ್ಮನೆ ಬಂದದ್ದೇನಲ್ಲ. 1932ರಲ್ಲಿ ಕಿಂಡರ್ ಸ್ಕೌಟ್ ಎಂಬ ಬೆಟ್ಟಕ್ಕೆ, ಜಮೀನ್ದಾರರ ತಡೆ ಲೆಕ್ಕಿಸದೆ ನೂರಾರು ಕೆಲಸಗಾರರು ಹತ್ತಿದರು. ಐವರು ಜೈಲಿಗೂ ಹೋದರು. ದಾರಿಗಳನ್ನೆಲ್ಲ ನಕ್ಷೆಗೆ ಏರಿಸಬೇಕೆಂಬ ಕಾನೂನು ಬಂದದ್ದು 1949ರಲ್ಲಿ.

ಹೊಲದಿಂದ ಸ್ಕೈಲಾರ್ಕ್ ಹಕ್ಕಿಯೊಂದು ನೆಟ್ಟಗೆ ಮೇಲಕ್ಕೇರಿ ಉಸಿರು ಬಿಡದೆ ಹಾಡಿತು. ಅದಕ್ಕೂ ಮೇಲೆ ಕವಲು ಬಾಲದ ಕೆಂಪು ಹದ್ದುಗಳು. ಗುಂಡಿಗೆ, ವಿಷಕ್ಕೆ ಸಿಕ್ಕಿ ಹತ್ತೊಂಬತ್ತನೇ ಶತಮಾನ ಮುಗಿಯುವುದರೊಳಗೆ ಇಂಗ್ಲೆಂಡಿನಲ್ಲಿ ಇವುಗಳ ಸಂತತಿಯೇ ಅಳಿದಿತ್ತು. 1989ರಿಂದ ಎಳೆಹದ್ದುಗಳನ್ನು ತಂದು ಈ ಚಿಲ್ಟರ್ನ್ಸ್ ಗುಡ್ಡಗಳಲ್ಲಿ ಬಿಟ್ಟರಂತೆ. ಬೀಚ್ ಮರಗಳ ಕಾಡಿನೊಳಗೆ ನೆಲವೆಲ್ಲ ಬ್ಲೂಬೆಲ್ ಹೂವಿನ ನೀಲಿ. ಬ್ಯಾಜರ್ ಎಂಬ ನಿಶಾಚರಿಯ ಬಿಲದ ಬಾಯಲ್ಲಿ ಹಳೇ ಹುಲ್ಲಿನ ರಾಶಿ. ಹಾಸಿಗೆಯ ಹುಲ್ಲು ಹಳತಾದರೆ ಅದು ಹೊರಗೆಳೆದು ಹೊಸದು ಹಾಸುತ್ತದಂತೆ. ಹಬ್ಬದ ಮುಂಚೆ ನಾವೂ ಇನ್ನೇನು ಮಾಡುತ್ತೇವೆ? ಮಗಳು ನಕ್ಕಳು. ಹೆರಿಗೆಯಾದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಟರ್ವಿಲ್ ಹಳ್ಳಿ ಇನ್ನೇನು ಬಂತು ಅನ್ನುವಾಗ ಬೇಲಿ. ಅದಕ್ಕೆ ಎರಡು ಹಲಗೆಯ ಮೆಟ್ಟಿಲು: ದನ ದಾಟದ ಹಾಗೆ, ಮನುಷ್ಯರು ದಾಟುವ ಹಾಗೆ.

"ಇದು ನಮ್ಮ ತಡಬೆಯಲ್ಲವೇನೇ!" ಎಂದು ನೆರಿಗೆ ಎತ್ತಿ ಹಿಡಿದು ಹತ್ತಿದೆ. ಹತ್ತಿದವಳು ಅಲ್ಲೇ ಕೂತೆ.

ಸಾಗರದ ಹತ್ತಿರ ನಮ್ಮ ತೋಟದಲ್ಲೂ ಒಂದು ತಡಬೆ ಇತ್ತು. ಆಚೆ ಕೇರಿಯ ಹೆಂಗಸರು ಅದನ್ನು ದಾಟಿಯೇ ಬಸ್ಸಿಗೆ ಹೋಗುತ್ತಿದ್ದರು. ಅಡಿಕೆಗೆ ಬೆಲೆ ಬಂದ ವರ್ಷ ನಮ್ಮವರು ತಡಬೆ ಕಿತ್ತು ಮುಳ್ಳುತಂತಿ ಎಳೆಸಿದರು. ಮೊಸರು ಮಾರುವ ಮುದುಕಿ ಹಿತ್ತಿಲಿಗೆ ಬಂದು, "ಸುತ್ತಿ ಹೋದರೆ ಎರಡು ಮೈಲಿ ಆಗ್ತದೆ ಅಮ್ಮಾ, ನೀವೊಂದು ಮಾತು ಹೇಳಿ" ಅಂದಿದ್ದಳು. ನಾನು ಅವಳಿಗೆ ಒಂದು ಲೋಟ ಕಾಫಿ ಕೊಟ್ಟು ಒಳಗೆ ಬಂದಿದ್ದೆ.

ಆ ರಾತ್ರಿ ಊರಿಗೆ ಫೋನು ಮಾಡಿದಾಗ ತೋಟದ ಬೇಲಿ ಹೇಗಿದೆ ಎಂದು ಕೇಳಿದೆ.

"ಭದ್ರವಾಗಿದೆ, ಮೊನ್ನೆ ಹೊಸ ತಂತಿ ಹಾಕಿಸಿದೆ" ಎಂದರು.

"ಒಂದು ತಡಬೆ ಇಡೋದಕ್ಕೆ ಎಷ್ಟು ಕಲ್ಲು ಬೇಕಾಗ್ತದೆ?" ಎಂದೆ.

ಲೈನು ಸರಿಯಿಲ್ಲ, ಏನೂ ಕೇಳಿಸುತ್ತಿಲ್ಲ ಎಂದರು. ನಾನು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಕೇಳಿದೆ.