ಮೀನಿನ ಖಾತೆ

ನಮ್ಮ ಕಾಕಾ ಗಂಗಾವತಿಯ ರೈಸ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಮನೆಗೆ ಬಂದಮೇಲೂ ಅವನ ಬೆರಳು ಎಣಿಸುವುದನ್ನು ಬಿಡುತ್ತಿರಲಿಲ್ಲ. ತಾಟಿನಲ್ಲಿ ಮಿರ್ಚಿ ಎಷ್ಟು, ಬುಟ್ಟಿಯಲ್ಲಿ ರೊಟ್ಟಿ ಎಷ್ಟು, ಹೊಸ್ತಿಲ ಹೊರಗೆ ಚಪ್ಪಲಿ ಎಷ್ಟು ಜೋಡು, ಎಲ್ಲವೂ ಅವನಿಗೆ ಬಾಯಿಪಾಠ. ಇಂಥ ಮನುಷ್ಯನಿಗೆ ಮೀನು ಸಾಕುವ ಹುಚ್ಚು ಎಲ್ಲಿಂದ ಹತ್ತಿತೋ ನನಗೆ ಸರಿಯಾಗಿ ನೆನಪಿಲ್ಲ. ಹೊಸಪೇಟೆಯಲ್ಲಿ ಯಾರದೋ ಮನೆಯಲ್ಲಿ ನೋಡಿ ಬಂದಿದ್ದ ಎಂದು ಅವ್ವ ಹೇಳುತ್ತಿದ್ದಳು. ಆಗ ಕೊಪ್ಪಳ ಜಿಲ್ಲೆ ಆಗಿರಲಿಲ್ಲ, ನಾವಿನ್ನೂ ರಾಯಚೂರು ಜಿಲ್ಲೆಯವರು.

ಕಬ್ಬಿಣದ ಪಟ್ಟಿಯ ಚೌಕಟ್ಟಿಗೆ ಲಪ್ಪ ಮೆತ್ತಿ ಗಾಜು ಕೂರಿಸಿದ ಪೆಟ್ಟಿಗೆ ಅದು. ಎತ್ತಬೇಕೆಂದರೆ ಇಬ್ಬರು ಬೇಕು. ಪಡಸಾಲೆಯಲ್ಲಿ ಸ್ಟೂಲಿನ ಮೇಲೆ ಇಟ್ಟು, 2 ಬಂಗಾರದ ಮೀನು, 18 ಗಪ್ಪಿ ಬಿಟ್ಟ. ಗಪ್ಪಿಗೆ ರೊಕ್ಕ ಕೊಟ್ಟಿರಲಿಲ್ಲ. ಸೊಳ್ಳೆ ಮರಿ ತಿನ್ನಲಿ ಎಂದು ಮಲೇರಿಯಾದವರು ಬಾವಿಗೆ ಬಿಟ್ಟಿದ್ದವನ್ನೇ ಅವ್ವನ ಹಳೇ ಸೀರೆಯಲ್ಲಿ ಸೋಸಿ ತಂದಿದ್ದ. ಶೋಭೆಗೆ ಇರಲಿ ಎಂದು ಒಂದು ಕಿನ್ನಾಳ ಗಿಳಿಯನ್ನೂ ನೀರಿಗೆ ಇಳಿಸಿದ. ಹಗುರ ಕಟ್ಟಿಗೆ, ಹುಣಸೆಬೀಜದ ಅಂಟು, ಅದು ಮುಳುಗುವುದೆಲ್ಲಿಂದ? ಎರಡು ದಿನ ಹೊಟ್ಟೆ ಮೇಲೆ ಮಾಡಿ ತೇಲಿ, ಬಣ್ಣ ಬಿಟ್ಟು, ನೀರೆಲ್ಲ ಹಸಿರು ಮಾಡಿತು. ಮಿಲ್ಲಿನ ರಶೀದಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಕಾಕಾ 'ಮೀನಿನ ಖಾತೆ' ತೆರೆದ. ದಿನಾ ಬೆಳಿಗ್ಗೆ ಎಣಿಸುವುದು, ಬರೆಯುವುದು. ಆದರೆ ಗಪ್ಪಿ ಮೊಟ್ಟೆ ಇಡುವ ಜಾತಿಯಲ್ಲ, ನೇರ ಮರಿಯನ್ನೇ ಹಾಕುತ್ತದೆ. ಒಂದು ಮುಂಜಾನೆ 20 ಇದ್ದದ್ದು 31 ಆಗಿತ್ತು. ಕಾಕಾ ಆ ದಿನ ಚಹಾ ಕುಡಿಯದೆ ಮೂರು ಸಲ ಎಣಿಸಿದ.

ಇನ್ನು ಕಪ್ಪೆಯ ವಿಷಯ. ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಿಟ್ಟರೆಂದರೆ ನಮ್ಮೂರ ಸುತ್ತ ನೆಲ್ಲಿನ ನಾಟಿ, ನಾಟಿಯ ಹಿಂದೆಯೇ ಕಪ್ಪೆ. ಭತ್ತಕ್ಕೆ ನಮ್ಮ ಕಡೆ ನೆಲ್ಲು ಅಂತೀವಿ. ರಾತ್ರಿಯಾದರೆ ಮಾತು ಕೇಳಿಸದಷ್ಟು ಗದ್ದಲ. ಕುಷ್ಟಗಿಯಿಂದ ಬಂದ ನಮ್ಮ ಅತ್ತಿ ಒಂದೇ ರಾತ್ರಿ ಮಲಗಿ, "ಇದೇನವ್ವಾ, ನಿಮ್ಮೂರಾಗ ದಿನಾ ರಾತ್ರಿ ಜಾತ್ರಿ ಐತೇನು?" ಎಂದು ಮರುದಿನವೇ ಬಸ್ ಹತ್ತಿದಳು. ಅವರದು ಒಣಬೇಸಾಯದ ಸೀಮೆ. ಮಳೆ ತಪ್ಪಿದರೆ ಹುಡುಗರು ರೊಟ್ಟಿ ಹಂಚಿನ ಮೇಲೆ ಸೆಗಣಿಯ ಗುರ್ಚಿಗೊಂಬೆ ಹೊತ್ತು ಮನೆಮನೆಗೆ ಹೋಗುತ್ತಾರೆ, ಮನೆಯವರು ಅವರ ಮೇಲೆ ನೀರು ಸುರಿಯುತ್ತಾರೆ. ಕೆಲವು ಊರಲ್ಲಿ ಕಪ್ಪೆಗೆ ಅರಿಷಿಣ ಹಚ್ಚಿ ಮದುವೆಯನ್ನೂ ಮಾಡುತ್ತಾರೆ. ನಮ್ಮ ಆಯಿ ಯಲಬುರ್ಗಿ ಕಡೆಯವಳು. ಕಪ್ಪೆ ಎಂದರೆ ಮಳೆಯ ನೆಂಟ ಎಂದೇ ಅವಳ ಲೆಕ್ಕ. ಇದು ಮುಂದೆ ಬರುತ್ತದೆ, ನೆನಪಿಡಿ.

ನಾನು ಮತ್ತು ನನ್ನ ಗೆಳೆಯನೊಬ್ಬ ಮೊದಲು ತಂದದ್ದು ಗೊದಮೊಟ್ಟೆ. ಗದ್ದೆಯ ಬದುವಿನ ಗುಂಡಿಯಿಂದ ಹಾರ್ಲಿಕ್ಸ್ ಬಾಟಲಿಯಲ್ಲಿ ಹಿಡಿದು, ಕಾಕಾ ಮಿಲ್ಲಿಗೆ ಹೋದಾಗ ಪೆಟ್ಟಿಗೆಗೆ ಸುರಿದೆವು. ಸಂಜೆ ಕಾಕಾ ಅವನ್ನೂ ಮೀನೆಂದೇ ಎಣಿಸಿ ಜಮಾ ಮಾಡಿಕೊಂಡ! ದೊಡ್ಡ ಗೋಂಕರಕಪ್ಪೆಯ ಮರಿಗಳು ಬೇರೆ ಗೊದಮೊಟ್ಟೆಗಳನ್ನೇ ತಿನ್ನುತ್ತವೆ. ನಾವು ತಂದ ಗುಂಪಿನಲ್ಲೂ ಅಂಥವು ಇದ್ದವೋ ಏನೋ, ದಿನಕ್ಕೊಂದು ಕಡಿಮೆಯಾಗುತ್ತಿತ್ತು. ಉಳಿದವಕ್ಕೆ ಹಿಂಗಾಲು ಬಂದವು, ಆಮೇಲೆ ಮುಂಗಾಲು, ಬಾಲ ಕರಗಿತು. ನೋಡಲಿಕ್ಕೆ ಎಂಥ ಹಬ್ಬ! ಆದರೆ ಆ ಹೊತ್ತಿಗೆ ಅವು ಕಿವಿರು ಬಿಟ್ಟು ಶ್ವಾಸಕೋಶದಿಂದ ಉಸಿರಾಡಬೇಕು, ಹತ್ತಿ ಕೂರಲು ಒಂದು ಕಲ್ಲಾದರೂ ಬೇಕು. ಇದು ನಮಗೆ ಯಾರು ಹೇಳಬೇಕು? ಗಾಜಿನ ಗೋಡೆಗೆ ಕೈ ಇಟ್ಟು ಜಾರಿ ಜಾರಿ, ನೀರಲ್ಲಿ ಹುಟ್ಟಿದ ಜೀವಗಳು ನೀರಲ್ಲೇ ಮುಳುಗಿ ಸತ್ತವು. ನಾಲ್ಕೋ ಐದೋ ಇದ್ದವು. ತುಳಸಿಕಟ್ಟೆಯ ಹಿಂದೆ ಹೂತದ್ದು ಮಾತ್ರ ಚೆನ್ನಾಗಿ ನೆನಪಿದೆ.

ಬುದ್ಧಿ ಬರಲಿಲ್ಲ. ಸದಾ ನೀರಲ್ಲೇ ಇರುವ ಕಪ್ಪೆ ತಂದರೆ ಸಾಯುವುದಿಲ್ಲ ಎಂದು ಗೆಳೆಯನ ವಾದ. ಕಾಲುವೆಯ ಅಂಚಿನಲ್ಲಿ ಕಣ್ಣು ಮಾತ್ರ ಹೊರಗಿಟ್ಟು ತೇಲುತ್ತಿರುತ್ತವಲ್ಲ, ಹತ್ತಿರ ಹೋದರೆ ಚಪ್ಪಟೆ ಕಲ್ಲು ಎಸೆದಂತೆ ನೀರ ಮೇಲೇ ಪುಟಿಯುತ್ತಾ ಓಡುತ್ತವಲ್ಲ, ಅಂಥದ್ದು ಒಂದನ್ನು ಬನಿಯನ್ನಿನಲ್ಲಿ ಹಿಡಿದೆವು. ಈ ಸಲ ಕಲ್ಲೂ ಇಟ್ಟೆವು, ಮೇಲೆ ಹಲಗೆ ಮುಚ್ಚಿದೆವು. ಕಾಕಾನಿಗೆ ಕಪ್ಪೆ ಹಿಡಿಸಿತು. "ಇದು ನಮ್ಮ ವಾಚ್‌ಮನ್ ಇರ್ಲಿ ಬಿಡ್ರೆಲೇ" ಅಂದ.

ಅಲ್ಲಿಂದ ಖಾತೆಯಲ್ಲಿ ಖೋತಾ ಶುರುವಾಯಿತು. 26. 23. 19. ಮೊದಲು ಬೆಕ್ಕಿನ ಮೇಲೆ ಅನುಮಾನ, ಆಮೇಲೆ ನನ್ನ ಮೇಲೆ. ಒಂದು ರಾತ್ರಿ ಕರೆಂಟು ಹೋಗಿತ್ತು. ಕಾಕಾ ಬ್ಯಾಟರಿ ಹಿಡಿದು ಕಾವಲು ಕೂತ. ಪಕ್ಕದಲ್ಲಿ ನಾನು, ನನ್ನ ಪಕ್ಕ ನಿದ್ದೆ ಬಾರದ ಆಯಿ. ಕಲ್ಲಿನ ಮೇಲೆ ಕೂತ ಕಪ್ಪೆ ಅಲುಗಲಿಲ್ಲ. ಗಪ್ಪಿಯೊಂದು ಬಾಲ ಕುಣಿಸುತ್ತಾ ಮುಂದೆ ಬಂದದ್ದೇ ತಡ, ಲಬಕ್ಕನೆ ಬಾಯಿಗೆ. ನುಂಗುವಾಗ ಎರಡೂ ಕಣ್ಣು ಗಟ್ಟಿಯಾಗಿ ಒಳಕ್ಕೆ ಎಳೆದುಕೊಂಡಿತು. ಆಯಿ ಅಂದಳು: "ನೋಡಪಾ, ಪಾಪದ ಕೆಲಸ ಮಾಡೋ ಮುಂದ ಅದಕ್ಕೂ ಕಣ್ಣು ಮುಚ್ಚಬೇಕಾಗತೈತಿ." ಕಪ್ಪೆಯ ಕಣ್ಣುಗುಡ್ಡೆ ಒಳಗಿಳಿದು ತುತ್ತನ್ನು ಗಂಟಲಿಗೆ ನೂಕುತ್ತದೆ ಎಂದು ಎಷ್ಟೋ ವರ್ಷದ ಮೇಲೆ ಓದಿದೆ. ಆಯಿಯ ಮಾತೇ ನನಗೆ ಇನ್ನೂ ಹೆಚ್ಚು ಸರಿ ಅನ್ನಿಸುತ್ತದೆ.

ಆ ವಾರ ಮಳೆಯೂ ಮೋಡ ತೋರಿಸಿ ಓಡಿಹೋಗಿತ್ತು. "ಮಳಿ ನೆಂಟನ್ನ ಗಾಜಿನಾಗ ಕೂಡಹಾಕಿ ಮಳಿ ಯಾಕ ಬರವಲ್ದು ಅಂದ್ರ?" ಎಂದು ಆಯಿ ಹಟ ಹಿಡಿದಳು. ಕಪ್ಪೆ ಬಿಡುವವರೆಗೆ ಊಟ ಮಾಡುವುದಿಲ್ಲ ಅಂದಳು. ಅವಳಿಗೆ ಇಷ್ಟದ ಪುಂಡಿಪಲ್ಯ ಮಾಡಿದ್ದ ದಿನ ಅದು. ಹಟ ಎಷ್ಟು ಗಟ್ಟಿ ಎಂದು ಅದರ ಮೇಲೇ ತಿಳಿಯಿರಿ. ಇಷ್ಟರಲ್ಲಿ ಬಂಗಾರದ ಮೀನಿಗೆ ಮೈಮೇಲೆ ಬಿಳಿ ಚುಕ್ಕೆ ಎದ್ದಿತ್ತು. ಕಾಲುವೆ ನೀರಿನ ಜೊತೆ ಬಂದ ರೋಗವೋ ಏನೋ. ಕಾಕಾ ಯಾರದೋ ಮಾತು ಕೇಳಿ ಹಿಡಿ ಉಪ್ಪು ಹಾಕಿದ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ ಹೀರುತ್ತದೆ. ಉಪ್ಪು ಬಿದ್ದದ್ದೇ ಅದು ಕಾದ ಹಂಚಿನ ಮೇಲೆ ಬಿದ್ದಂತೆ ಒದ್ದಾಡಿತು. ಅದನ್ನು ತಂಬಿಗೆಯಲ್ಲಿ ಹಾಕಿಕೊಂಡು ಕಾಲುವೆಗೆ ಓಡಿದೆವು. ಬಿಟ್ಟ ತಕ್ಷಣ ನಾಲ್ಕು ಸಲ ಪುಟಿದು ಮರೆಯಾಯಿತು.

ಮನೆಯಲ್ಲಿ ಮೀನಿನ ಜೊತೆ ಇದ್ದ ಕಪ್ಪೆಯನ್ನು ಹೀಗೆ ವಾಪಸು ಬಿಡುವುದೂ ತಪ್ಪೇ ಅನ್ನುತ್ತಾರೆ ಈಗ ಬಲ್ಲವರು, ಪೆಟ್ಟಿಗೆಯ ರೋಗ ಹೊರಗಿನ ಕಪ್ಪೆಗಳಿಗೂ ಹತ್ತೀತು ಎಂದು. ಕೈಟ್ರಿಡ್ ಎಂಬ ಶಿಲೀಂಧ್ರ ಕಪ್ಪೆಗಳ ಚರ್ಮಕ್ಕೆ ಹತ್ತಿ ಲೋಕದ ಎಷ್ಟೋ ಕಡೆ ಕುಲಗಳನ್ನೇ ಅಳಿಸಿದೆ. ಅದಕ್ಕೆ ಹೆಸರಿಟ್ಟದ್ದೇ 1999ರಲ್ಲಿ. ನಮ್ಮ ಕಾಲಕ್ಕೆ ಕಪ್ಪೆಯ ಸುದ್ದಿ ಎಂದರೆ ಪರದೇಶಕ್ಕೆ ಹೋಗುತ್ತಿದ್ದ ಕಪ್ಪೆಕಾಲು, 1987ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿದ್ದು, ಇಷ್ಟೇ.

ಮಳೆ? ಕಪ್ಪೆ ಬಿಟ್ಟ ಒಂಬತ್ತನೇ ದಿನಕ್ಕೆ ಬಂತು. "ಸಿಟ್ಟು ಇಳೀಲಿಕ್ಕೆ ಅಷ್ಟು ದಿನ ಬೇಕಲ್ಲ" ಅಂದಳು ಆಯಿ.

ಕಾಕಾ ಹೋದಮೇಲೆ ಟ್ರಂಕಿನಲ್ಲಿ ಆ ರಶೀದಿ ಪುಸ್ತಕ ಸಿಕ್ಕಿತು. ಕೊನೆಯ ಸಾಲು: 'ಮೀನು ಬಾಕಿ 3. ಕಪ್ಪಿ 1, ಸಾಗ ಹಾಕಿದ್ದು.' ಗಾಜಿನ ಪೆಟ್ಟಿಗೆಯಲ್ಲಿ ಈಗ ಅವ್ವ ಹುಣಸೆಹಣ್ಣು ತುಂಬಿಡುತ್ತಾಳೆ.